ಒಂದೇ ಮನೆ, ಎರಡು ಲೆಕ್ಕ: ಬ್ರೂಕ್ಲಿನ್‌ನ ಒಂದು ಬ್ರೌನ್‌ಸ್ಟೋನ್ ಖರೀದಿಯ ಪ್ರಕರಣ ಅಧ್ಯಯನ

ನ್ಯೂಯಾರ್ಕ್ ನಗರದ ಐದು ಬರೋಗಳಲ್ಲಿ, ಅಂದರೆ ಆಡಳಿತ ವಿಭಾಗಗಳಲ್ಲಿ, ಒಂದಾದ ಬ್ರೂಕ್ಲಿನ್‌ನ ಪಾರ್ಕ್ ಸ್ಲೋಪ್ ಬಡಾವಣೆಯಲ್ಲಿ ಮಾರಾಟಕ್ಕಿದ್ದ ನಾಲ್ಕು ಮಹಡಿಯ ಹಳೆಯ ಮನೆಯೊಂದನ್ನು ದಂಪತಿಯೊಬ್ಬರು 2025ರಲ್ಲಿ ಕೊಂಡ ಬಗೆಯನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಅವರ ಪರವಾಗಿ ಕಾಗದಪತ್ರಗಳನ್ನೂ ಲೆಕ್ಕವನ್ನೂ ನೋಡಿಕೊಟ್ಟವನು ನಾನು. ಅವರ ಹೆಸರು, ಬೀದಿ, ಮನೆಯ ಸಂಖ್ಯೆ ಯಾವುದೂ ಇಲ್ಲಿಲ್ಲ. ಬೆಲೆ, ಬಾಡಿಗೆ ಮತ್ತು ಸಾಲದ ಮೊತ್ತಗಳನ್ನು ದುಂಡಗೆ ಮಾಡಿದ್ದೇನೆ. ತೆರಿಗೆಯ ದರಗಳು ಮತ್ತು ಕಾನೂನಿನ ವಿವರಗಳು ಮಾತ್ರ ಇದ್ದ ಹಾಗೆಯೇ ಇವೆ.

ಮನೆಯ ಅಗಲ 20 ಅಡಿ, ನಿವೇಶನದ ಉದ್ದ 100 ಅಡಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಾಲುಸಾಲಾಗಿ ಕಟ್ಟಿದ ಬ್ರೌನ್‌ಸ್ಟೋನ್, ಅಂದರೆ ಕಂದುಗಲ್ಲಿನ, ಮನೆಗಳಲ್ಲಿ ಇದೂ ಒಂದು. ಬೀದಿಯಿಂದ ಎತ್ತರದ ಕಲ್ಲುಮೆಟ್ಟಿಲು ಹತ್ತಿದರೆ ಪಾರ್ಲರ್ ಮಹಡಿ, ಮೆಟ್ಟಿಲ ಕೆಳಗಿನ ಬಾಗಿಲಿನಿಂದ ಹೋದರೆ ಹಿತ್ತಲಿಗೆ ತೆರೆದುಕೊಳ್ಳುವ ಗಾರ್ಡನ್ ಮಹಡಿ, ಮೇಲೆ ಇನ್ನೆರಡು ಮಹಡಿ. ಕೇಳಿದ ಬೆಲೆ 33,50,000 ಡಾಲರ್. ಜಾಹೀರಾತು ಎರಡು ಆಸೆಗಳನ್ನು ಒಟ್ಟಿಗೆ ತೋರಿಸುತ್ತಿತ್ತು: ನಡುವಿನ ಎರಡು ಮಹಡಿ ಮಾಲೀಕರಿಗೆ ಐಷಾರಾಮಿ ನಿವಾಸ, ಕೆಳಗಿನ ಮತ್ತು ಮೇಲಿನ ಮಹಡಿಗಳು ಬಾಡಿಗೆಯ ಆದಾಯಕ್ಕೆ. ಗಾರ್ಡನ್ ಮಹಡಿಗೆ ತಿಂಗಳಿಗೆ 4,600 ಡಾಲರ್, ಮೇಲಿನದಕ್ಕೆ 4,000 ಡಾಲರ್, ಒಟ್ಟು ವರ್ಷಕ್ಕೆ 1,03,200 ಡಾಲರ್ ಎಂದು ಬ್ರೋಕರ್ ಕೊಟ್ಟ ಹಾಳೆಯಲ್ಲಿ ಅಚ್ಚಾಗಿತ್ತು.

ದಂಪತಿ ಈ ಹಾಳೆಯನ್ನು ಹಿಡಿದುಕೊಂಡೇ ನನ್ನ ಬಳಿ ಬಂದಿದ್ದರು. 18 ಲಕ್ಷ ಡಾಲರ್ ಸಾಲವನ್ನು ಶೇಕಡಾ 6.5ರ ಬಡ್ಡಿಗೆ 30 ವರ್ಷಕ್ಕೆ ತೆಗೆದುಕೊಂಡರೆ ತಿಂಗಳ ಕಂತು ಸುಮಾರು 11,380 ಡಾಲರ್ ಆಗುತ್ತದೆ. ಎರಡು ಬಾಡಿಗೆಗಳು ಸೇರಿದರೆ ಅದರ ಮುಕ್ಕಾಲು ಭಾಗ ತೀರಿಹೋಗುತ್ತದೆ, ಹಾಗಾಗಿ ತಾವು ಕೊಳ್ಳುತ್ತಿರುವುದು ದುಬಾರಿ ಮನೆಯಲ್ಲ, ತನ್ನ ಖರ್ಚನ್ನು ತಾನೇ ಹೊರುವ ಹೂಡಿಕೆ ಎಂಬುದು ಅವರ ಎಣಿಕೆಯಾಗಿತ್ತು. ಇಡೀ ಪ್ರಕರಣ ನಿಂತಿದ್ದುದು ಈ ಎಣಿಕೆಯ ಮೇಲೆಯೇ. ಐಷಾರಾಮಿ ಮನೆಯ ಬೆಲೆಯನ್ನೂ ಹೂಡಿಕೆಯ ಬೆಲೆಯನ್ನೂ ಒಂದೇ ಕಟ್ಟಡದ ಮೇಲೆ ಹೇರಿದಾಗ ಕೊಳ್ಳುವವರು ಒಂದೇ ಮಹಡಿಗೆ ಎರಡು ಸಲ ಹಣ ತೆರುವ ಅಪಾಯವಿರುತ್ತದೆ ಎಂಬುದು ನನ್ನ ಅಭಿಪ್ರಾಯ. ಇಲ್ಲಿ ಅದು ಬಹುಮಟ್ಟಿಗೆ ಆಗಿಯೇ ಹೋಗುವುದರಲ್ಲಿತ್ತು.

ಮೂರನೆಯ ಅಡುಗೆಮನೆ

ಮೊದಲು ನೋಡಿದ್ದು ನಮ್ಮವರು ಓಸಿ ಎಂದು ಕರೆಯುವ ಸ್ವಾಧೀನಾನುಭವ ಪತ್ರವನ್ನು. ನ್ಯೂಯಾರ್ಕ್‌ನಲ್ಲಿ 1938ಕ್ಕಿಂತ ಮೊದಲು ಕಟ್ಟಿದ ಮನೆಗಳಿಗೆ, ಅವುಗಳ ಬಳಕೆ ಬದಲಾಗದಿದ್ದರೆ, ಈ ಪತ್ರ ಇರಲೇಬೇಕೆಂಬ ನಿಯಮವಿಲ್ಲ. ಆದರೆ ಈ ಮನೆಯ ಬಳಕೆ ನಡುವೆ ಒಮ್ಮೆ ಬದಲಾಗಿದ್ದರಿಂದ 1950ರ ದಶಕದಲ್ಲಿ ಪತ್ರವೊಂದನ್ನು ಪಡೆಯಲಾಗಿತ್ತು, ನಗರದ ಕಟ್ಟಡ ಇಲಾಖೆಯ ದಾಖಲೆಯಲ್ಲಿ ಅದರ ಪ್ರತಿಯೂ ಸಿಕ್ಕಿತು. ಅದರಲ್ಲಿ ಸ್ಪಷ್ಟವಾಗಿ ಎರಡು ಕುಟುಂಬಗಳ ಮನೆ ಎಂದಿದೆ. ಮನೆಯೊಳಗೆ ಇದ್ದ ಅಡುಗೆಮನೆಗಳು ಮಾತ್ರ ಮೂರು. ಮೇಲಿನ ಮಹಡಿಯ ಬಿಡಾರ ಯಾವ ಪರವಾನಗಿಯೂ ಇಲ್ಲದೆ ಯಾವಾಗಲೋ ಸೇರಿಕೊಂಡಿದ್ದು.

ಇದು ಬರಿಯ ಕಾಗದದ ಲೋಪ, ದಂಡ ಕಟ್ಟಿದರೆ ಮುಗಿಯಿತು ಎಂದು ಹೇಳುವವರು ಬಹಳ ಜನ ಇದ್ದಾರೆ. ಮಾರುವವರ ಬ್ರೋಕರ್ ಕೂಡ ಈ ಸುತ್ತಮುತ್ತ ಎಲ್ಲರೂ ಹೀಗೆಯೇ ಬಾಡಿಗೆಗೆ ಕೊಡುತ್ತಾರೆ ಎಂದರು. ವಸ್ತುಸ್ಥಿತಿ ಅಷ್ಟು ಹಗುರವಲ್ಲ. ನ್ಯೂಯಾರ್ಕ್ ರಾಜ್ಯದ ಬಹುವಸತಿ ಕಟ್ಟಡಗಳ ಕಾಯಿದೆಯ ಪ್ರಕಾರ ಮೂರು ಅಥವಾ ಹೆಚ್ಚು ಕುಟುಂಬಗಳು ಪ್ರತ್ಯೇಕವಾಗಿ ವಾಸಿಸುವ ಕಟ್ಟಡ ಬಹುವಸತಿ ಕಟ್ಟಡವಾಗುತ್ತದೆ, ಮತ್ತು ಅದಕ್ಕೆ ತಕ್ಕ ಸ್ವಾಧೀನಾನುಭವ ಪತ್ರ ಇಲ್ಲದ ಅವಧಿಗೆ ಬಾಡಿಗೆಯನ್ನು ನ್ಯಾಯಾಲಯದ ಮೂಲಕ ವಸೂಲು ಮಾಡುವ ಹಕ್ಕು ಮಾಲೀಕನಿಗೆ ಇರುವುದಿಲ್ಲ. ಹೆಚ್ಚಿನವರಿಗೆ ಹೊಳೆಯದ ಸಂಗತಿಯೊಂದಿದೆ: ಮೂರನೆಯ ಬಿಡಾರ ಸೇರಿದ ಕೂಡಲೇ ಇಡೀ ಕಟ್ಟಡದ ಸ್ವರೂಪವೇ ಬದಲಾಗುವುದರಿಂದ, ತೊಂದರೆ ಮೇಲಿನ ಮಹಡಿಯ 4,000 ಡಾಲರಿಗೆ ನಿಲ್ಲದೆ, ಸಕ್ರಮವಾಗಿದ್ದ ಗಾರ್ಡನ್ ಮಹಡಿಯ ಬಾಡಿಗೆಗೂ ತಗಲಬಹುದು. ಅಂದರೆ ಹಾಳೆಯಲ್ಲಿ ಅಚ್ಚಾಗಿದ್ದ ಮೂರನೆಯ ಅಡುಗೆಮನೆ ಆದಾಯವನ್ನು ಹೆಚ್ಚಿಸುವುದಿರಲಿ, ಇದ್ದ ಆದಾಯವನ್ನೂ ಅಲುಗಾಡಿಸುತ್ತಿತ್ತು.

ಸಕ್ರಮ ಮಾಡಿಸಿಕೊಳ್ಳಬಹುದಲ್ಲ ಎಂದು ಪತಿ ಕೇಳಿದರು. ಮಾಡಿಸಿಕೊಳ್ಳಬಹುದು. ಆದರೆ ಅದಕ್ಕೆ ವಾಸ್ತುಶಿಲ್ಪಿಯ ನಕ್ಷೆ, ಕಟ್ಟಡ ಇಲಾಖೆಯ ಮಂಜೂರಾತಿ, ಮೂರು ಕುಟುಂಬಗಳಿಗೆ ಅನ್ವಯಿಸುವ ಅಗ್ನಿಸುರಕ್ಷತೆ ಮತ್ತು ನಿರ್ಗಮನದ ನಿಯಮಗಳ ಪಾಲನೆ, ಕೊನೆಗೆ ಹೊಸ ಸ್ವಾಧೀನಾನುಭವ ಪತ್ರ, ಇಷ್ಟೂ ಬೇಕು. ಇಪ್ಪತ್ತು ಅಡಿ ಅಗಲದ, ಒಂದೇ ಮರದ ಮೆಟ್ಟಿಲಿರುವ ಹಳೆಯ ಮನೆಯಲ್ಲಿ ಅಂಥ ಕೆಲಸ ಮಾಲೀಕರ ನಿವಾಸದ ಅಂದವನ್ನೇ ಕೆಡಿಸುತ್ತದೆ. ಮೆಟ್ಟಿಲ ಕೆತ್ತಿದ ಮರದ ಕೈಹಿಡಿಗಾಗಿ, ಎತ್ತರದ ಚಾವಣಿಗಾಗಿ ಮನೆಯನ್ನು ಇಷ್ಟಪಟ್ಟವರು ಅದೇ ಮೆಟ್ಟಿಲನ್ನು ಅಗ್ನಿನಿರೋಧಕ ಗೋಡೆಯ ಹಿಂದೆ ಮುಚ್ಚಬೇಕಾಗಿ ಬಂದರೆ ಕೊಂಡದ್ದರ ಅರ್ಥವೇನು ಎಂಬ ಪ್ರಶ್ನೆಯನ್ನು ನಾನು ಅವರ ಮುಂದಿಟ್ಟೆ.

ಮೇಲಿನ ಮಹಡಿಯಲ್ಲಿ ಒಬ್ಬ ಬಾಡಿಗೆದಾರರು ಮೂರು ವರ್ಷಗಳಿಂದ ವಾಸವಾಗಿದ್ದರು. ಮನೆಯನ್ನು ಖಾಲಿ ಮಾಡಿಸಿ ಕೊಡುತ್ತೇವೆ ಎಂಬುದು ಮಾರುವವರ ಬಾಯಿಮಾತಿನ ಭರವಸೆ. ಬಿಡಾರ ಅಕ್ರಮವಾದ ಮಾತ್ರಕ್ಕೆ ಅಲ್ಲಿ ವಾಸಿಸುವ ಮನುಷ್ಯನ ಹಕ್ಕು ಇಲ್ಲವಾಗುವುದಿಲ್ಲ. ನ್ಯಾಯಾಲಯದ ಆದೇಶವಿಲ್ಲದೆ ಅವರನ್ನು ಹೊರಹಾಕುವಂತಿಲ್ಲ, ಮತ್ತು ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇದ್ದವರಿಗೆ 2019ರ ಕಾನೂನಿನಂತೆ 90 ದಿನಗಳ ನೋಟಿಸು ಕೊಡಬೇಕು. ಈ ಹೊಣೆಯನ್ನು ಕೊಳ್ಳುವವರ ತಲೆಗೆ ಕಟ್ಟಬಾರದೆಂದು ವಕೀಲರ ಮೂಲಕ ಕರಾರಿನಲ್ಲಿಯೇ ಷರತ್ತು ಹಾಕಿಸಲಾಯಿತು. ಬಾಡಿಗೆದಾರರಿಗೆ ಬೇರೆ ಮನೆ ಹುಡುಕಿಕೊಳ್ಳಲು ಸಮಯವನ್ನೂ ಸ್ಥಳಾಂತರದ ಹಣವನ್ನೂ ಮಾರುವವರೇ ಕೊಟ್ಟರು. ಇದರಿಂದ ಖರೀದಿ ಹತ್ತಿರ ಹತ್ತಿರ ನಾಲ್ಕು ತಿಂಗಳು ತಡವಾಯಿತು. ತಡವಾದರೂ ಇದೇ ಸರಿಯಾದ ದಾರಿ ಎಂದು ಪತ್ನಿ ಮೊದಲಿನಿಂದಲೂ ಗಟ್ಟಿಯಾಗಿ ನಿಂತಿದ್ದನ್ನು ನಾನು ಮರೆಯಲಾರೆ.

ಕಲ್ಲು ಮತ್ತು ಕಿಟಕಿ

ಕಂದುಗಲ್ಲು ಒಂದು ಬಗೆಯ ಮರಳುಗಲ್ಲು. ಬ್ರೂಕ್ಲಿನ್‌ನ ಈ ಬಗೆಯ ಮನೆಗಳ ಕಲ್ಲಿನ ದೊಡ್ಡ ಪಾಲು ಕನೆಕ್ಟಿಕಟ್ ರಾಜ್ಯದ ಪೋರ್ಟ್‌ಲ್ಯಾಂಡ್ ಎಂಬ ಊರಿನ ಗಣಿಗಳಿಂದ ಬಂದದ್ದು. ಇಡೀ ಗೋಡೆ ಇದರದ್ದಲ್ಲ, ಇಟ್ಟಿಗೆಯ ಗೋಡೆಯ ಮುಂದೆ ಹೊದಿಸಿದ ಕೆಲವು ಅಂಗುಲ ದಪ್ಪದ ಪದರ ಅಷ್ಟೇ. ಮರಳುಗಲ್ಲು ಭೂಮಿಯೊಳಗೆ ಪದರ ಪದರವಾಗಿ ಮಲಗಿರುತ್ತದೆ. ಅದನ್ನು ಹಾಗೆಯೇ ಮಲಗಿಸಿ ಕಟ್ಟಿದರೆ ಬಹಳ ಕಾಲ ಬಾಳುತ್ತದೆ, ಆದರೆ ಆ ಕಾಲದ ಕಟ್ಟುವವರು ಚಪ್ಪಡಿಗಳನ್ನು ಅಗಲ ಮುಖ ಹೊರಗೆ ಬರುವಂತೆ ನಿಲ್ಲಿಸಿದರು. ಪದರಗಳ ನಡುವೆ ನೀರಿಳಿದು, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗಿದಾಗ ಕಲ್ಲು ಈರುಳ್ಳಿಯ ಸಿಪ್ಪೆಯಂತೆ ಬಿಚ್ಚಿಕೊಳ್ಳುತ್ತದೆ. ಈ ಮನೆಯ ಮೆಟ್ಟಿಲ ಬದಿಗೋಡೆಯಲ್ಲಿಯೂ ಪಾರ್ಲರ್ ಕಿಟಕಿಗಳ ಮೇಲ್ಪಟ್ಟಿಯಲ್ಲಿಯೂ ಹಾಗೆಯೇ ಆಗಿತ್ತು. ತೆಗೆದ ಚಿತ್ರಗಳಲ್ಲಿ ಅದು ನೆರಳಿನಂತೆ ಕಾಣುತ್ತಿತ್ತು. ಕೈಯಿಂದ ತಟ್ಟಿದಾಗ ಟೊಳ್ಳು ಸದ್ದು ಕೇಳಿಸಿತು. ದುರಸ್ತಿಯೆಂದರೆ ಸಡಿಲ ಪದರವನ್ನು ಗಟ್ಟಿ ಕಲ್ಲು ಸಿಗುವವರೆಗೆ ಕೆತ್ತಿ ತೆಗೆದು, ಬಣ್ಣ ಹೊಂದುವ ಗಾರೆಯನ್ನು ಹಲವು ಲೇಪಗಳಲ್ಲಿ ಮೆತ್ತಿ, ಹಳೆಯ ಕೆತ್ತನೆಯ ಆಕಾರವನ್ನು ಮತ್ತೆ ಮೂಡಿಸುವುದು. ಇದನ್ನು ಬಲ್ಲ ಕೈಗಳು ಕಡಿಮೆ, ಕೂಲಿ ಹೆಚ್ಚು.

ನಗರದ ಸ್ಮಾರಕ ಸಂರಕ್ಷಣಾ ಕಾನೂನು 1965ರಲ್ಲಿ ಜಾರಿಗೆ ಬಂತು, ಬ್ರೂಕ್ಲಿನ್ ಹೈಟ್ಸ್ ಅದೇ ವರ್ಷ ನಗರದ ಮೊದಲ ಐತಿಹಾಸಿಕ ವಲಯವಾಯಿತು, ಪಾರ್ಕ್ ಸ್ಲೋಪ್‌ನ ವಲಯವನ್ನು 1973ರಲ್ಲಿ ಘೋಷಿಸಲಾಯಿತು. ಈ ವಲಯದೊಳಗೆ ಮನೆಯ ಹೊರಮುಖಕ್ಕೆ ಸಂಬಂಧಿಸಿದ ಕೆಲಸಕ್ಕೆ ಸ್ಮಾರಕ ಸಂರಕ್ಷಣಾ ಆಯೋಗದ ಅನುಮತಿ ಬೇಕು. ಈ ಬಡಾವಣೆಗಳ ಬೀದಿಗಳು ಇಂದಿಗೂ ಒಂದೇ ಎರಕದಲ್ಲಿ ಹೊಯ್ದಂತೆ ಕಾಣುವುದು ಆ ಕಾನೂನಿನಿಂದ, ಬೆಲೆ ಇಷ್ಟೊಂದು ಏರಿರುವುದರಲ್ಲಿಯೂ ಅದರ ಪಾಲಿದೆ. ನಮ್ಮ ಮನೆಯ ಹಿಂದಿನ ಮಾಲೀಕರು ಮುಂಭಾಗದ ಮರದ ಕಿಟಕಿಗಳನ್ನು ಅನುಮತಿಯಿಲ್ಲದೆ ತೆಗೆದು ಅಲ್ಯೂಮಿನಿಯಂ ಕಿಟಕಿ ಕೂರಿಸಿದ್ದರು, ಅದರ ಬಗ್ಗೆ ಆಯೋಗದ ಉಲ್ಲಂಘನೆಯ ನೋಟಿಸು ಹಾಗೆಯೇ ಬಾಕಿ ಉಳಿದಿತ್ತು. ಮನೆ ಕೈಬದಲಾದ ದಿನದಿಂದ ಅದನ್ನು ಸರಿಪಡಿಸುವ ಹೊಣೆ ಹೊಸ ಮಾಲೀಕರದ್ದು. ಒಳಗಿನ ಅಂದಗಟ್ಟಿನ ಕೆಲಸಕ್ಕೆಂದು ಎತ್ತಿಟ್ಟಿದ್ದ ಹಣದ ಒಂದು ಭಾಗ ಹೀಗೆ ಹೊರಗಿನ ಕಿಟಕಿಗೆ ಹೋಯಿತು.

ಮಾರುವವರು ಒಡಹುಟ್ಟಿದವರು, ತಾಯಿಯ ಆಸ್ತಿ ಇತ್ಯರ್ಥದ ಭಾಗವಾಗಿ ಮನೆ ಮಾರಾಟಕ್ಕೆ ಬಂದಿತ್ತು. ಮನೆಯ ದೋಷಗಳ ವಿವರವನ್ನು ಮಾರುವವರು ಲಿಖಿತವಾಗಿ ಕೊಡುವ ಬದಲು 500 ಡಾಲರ್ ಬಿಟ್ಟುಕೊಟ್ಟು ಪಾರಾಗುವ ಹಳೆಯ ಪದ್ಧತಿ 2024ರ ಮಾರ್ಚ್ 20ಕ್ಕೆ ಕೊನೆಗೊಂಡಿದೆ, ಆದರೆ ಆಸ್ತಿ ಇತ್ಯರ್ಥದ ಮಾರಾಟಕ್ಕೆ ಆ ವಿವರಪತ್ರದಿಂದ ವಿನಾಯಿತಿ ಇದೆ. ಹಾಗಾಗಿ ತಪಾಸಣೆಯನ್ನು ಎರಡು ಸಲ ಮಾಡಿಸಿದೆವು, ಮನೆಯಿಂದ ಬೀದಿಯ ಒಳಚರಂಡಿಯವರೆಗಿನ ಕೊಳವೆಯೊಳಗೂ ಕ್ಯಾಮೆರಾ ಇಳಿಸಿದೆವು. ಆ ಕೊಳವೆ ನಗರದ್ದಲ್ಲ, ಮನೆಯ ಮಾಲೀಕರದ್ದು.

ಬೇರೆ ಆಯ್ಕೆಯೂ ಇತ್ತು

ಇದರ ನಡುವೆ ಅದೇ ಬ್ರೋಕರ್ ಶುದ್ಧ ಹೂಡಿಕೆ ಬೇಕಾದರೆ ಇದನ್ನು ನೋಡಿ ಎಂದು ಎಂಟು ಬಿಡಾರಗಳ ಕಟ್ಟಡವೊಂದನ್ನು ತೋರಿಸಿದ್ದರು. ಬಾಡಿಗೆಯ ಮೊತ್ತಕ್ಕೂ ಬೆಲೆಗೂ ಅಲ್ಲಿ ಹೊಂದಿಕೆ ಉತ್ತಮವಾಗಿಯೇ ಇತ್ತು. ಆದರೆ 1974ಕ್ಕಿಂತ ಮೊದಲು ಕಟ್ಟಿದ, ಆರು ಅಥವಾ ಹೆಚ್ಚು ಬಿಡಾರಗಳ ಕಟ್ಟಡಗಳು ಸಾಮಾನ್ಯವಾಗಿ ಬಾಡಿಗೆ ಸ್ಥಿರೀಕರಣಕ್ಕೆ ಒಳಪಡುತ್ತವೆ, ಬಾಡಿಗೆಯನ್ನು ಎಷ್ಟು ಏರಿಸಬಹುದೆಂಬುದನ್ನು ಪ್ರತಿವರ್ಷ ನಗರದ ಬಾಡಿಗೆ ಮಾರ್ಗಸೂಚಿ ಮಂಡಳಿ ನಿರ್ಧರಿಸುತ್ತದೆ. ಹಿಂದೆ ಬಾಡಿಗೆ ಒಂದು ಮಿತಿ ದಾಟಿದ ಮೇಲೆ ಬಿಡಾರ ಖಾಲಿಯಾದರೆ ಅದನ್ನು ನಿಯಂತ್ರಣದಿಂದ ಹೊರಗೆ ತರಬಹುದಾಗಿತ್ತು. 2019ರ ಜೂನ್ 14ರ ಕಾನೂನು ಆ ದಾರಿಯನ್ನು ಮುಚ್ಚಿತು. ಬಾಡಿಗೆದಾರರ ದೃಷ್ಟಿಯಿಂದ ಅದು ನ್ಯಾಯವೆಂದೇ ನಾನು ತಿಳಿದಿದ್ದೇನೆ. ಹೂಡಿಕೆದಾರರು ಮಾತ್ರ ಅಂಥ ಕಟ್ಟಡವನ್ನು ಇಂದಿನ ಬಾಡಿಗೆಯ ಮೇಲೆಯೇ ಅಳೆಯಬೇಕು, ಮುಂದೆ ಏರೀತೆಂಬ ಕನಸಿನ ಮೇಲೆ ಅಲ್ಲ. ಉದ್ಯೋಗ ಬಿಟ್ಟು ಕಟ್ಟಡ ನೋಡಿಕೊಳ್ಳುವ ಮನಸ್ಸು ದಂಪತಿಗೆ ಇರಲಿಲ್ಲವಾದ್ದರಿಂದ ಆ ಆಯ್ಕೆ ಅಲ್ಲಿಗೆ ಮುಗಿಯಿತು.

ಗಾರ್ಡನ್ ಮಹಡಿಯನ್ನು ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಕೊಟ್ಟರೆ ಹೆಚ್ಚು ಸಿಗುತ್ತದಲ್ಲ ಎಂಬ ಯೋಚನೆಯೂ ಬಂದಿತ್ತು. 2023ರ ಸೆಪ್ಟೆಂಬರ್ 5ರಿಂದ ನಗರವು ಜಾರಿಗೆ ತಂದಿರುವ ನಿಯಮದಂತೆ 30 ದಿನಕ್ಕಿಂತ ಕಡಿಮೆ ಅವಧಿಗೆ ಕೊಡುವವರು ನೋಂದಾಯಿಸಿಕೊಂಡು, ಅತಿಥಿಗಳಿರುವ ಅದೇ ಬಿಡಾರದಲ್ಲಿ ತಾವೂ ಇರಬೇಕು, ಅತಿಥಿಗಳು ಇಬ್ಬರಿಗಿಂತ ಹೆಚ್ಚಿರಬಾರದು. ಮಾಲೀಕರು ಮೇಲಿನ ಮಹಡಿಗಳಲ್ಲಿ ಇದ್ದು ಕೆಳಗಿನ ಬೇರೆ ಬಿಡಾರವನ್ನು ಹಾಗೆ ಕೊಡಲಾಗದು.

ಬೆಲೆಯ ಮಾತು

ಮೂರನೆಯ ಬಿಡಾರವನ್ನು ಲೆಕ್ಕದಿಂದ ತೆಗೆದಾಗ ವರ್ಷದ ಬಾಡಿಗೆ 55,200 ಡಾಲರಿಗೆ ಇಳಿಯಿತು. ಸಾಲದ ಕಂತಿನ ಮುಕ್ಕಾಲು ಭಾಗ ತೀರಿಸಬೇಕಾಗಿದ್ದ ಬಾಡಿಗೆ ಈಗ ಐದರಲ್ಲಿ ಎರಡು ಪಾಲಿಗೆ ಮಾತ್ರ ಸಾಲುತ್ತಿತ್ತು. ಆಸ್ತಿ ತೆರಿಗೆ, ವಿಮೆ, ದುರಸ್ತಿ ಕಳೆಯುವ ಮೊದಲೇ ಈ ಸ್ಥಿತಿ. ಇದು ಬಾಡಿಗೆಯಿಂದ ಸ್ವಲ್ಪ ನೆರವು ಸಿಗುವ ಐಷಾರಾಮಿ ಮನೆಯೇ ಹೊರತು ಹೂಡಿಕೆಯ ಆಸ್ತಿಯಲ್ಲ ಎಂಬುದನ್ನು ದಂಪತಿ ಆ ಸಂಜೆ ಒಪ್ಪಿಕೊಂಡರು. ಒಪ್ಪಿಕೊಂಡ ಮೇಲೆ ಮಾತುಕತೆ ಸುಲಭವಾಯಿತು, ಏಕೆಂದರೆ ಹೋಲಿಸಬೇಕಾದದ್ದು ಯಾವುದರೊಂದಿಗೆ ಎಂಬುದು ತಿಳಿಯಿತು. ಅಕ್ರಿಸ್ ಎಂದು ಕರೆಯುವ ನಗರದ ನೋಂದಣಿ ದಾಖಲೆಯಲ್ಲಿ ಬ್ರೂಕ್ಲಿನ್‌ನ 1966ರಿಂದೀಚಿನ ಕ್ರಯಪತ್ರಗಳನ್ನೂ ಅಡಮಾನಗಳನ್ನೂ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಕೇಳಿದ ಬೆಲೆಗಳನ್ನು ಬದಿಗಿಟ್ಟು, ಸುತ್ತಲಿನ ಎರಡು ಕುಟುಂಬಗಳ ಮನೆಗಳು ನಿಜವಾಗಿ ನೋಂದಣಿಯಾದ ಬೆಲೆಗಳನ್ನು ಅಲ್ಲಿಂದ ತೆಗೆದು ಮಾರುವವರ ಮುಂದಿಟ್ಟೆವು.

ನಮ್ಮ ಮೊದಲ ಮಾತು 28,50,000 ಡಾಲರ್. ಅವರು ಇಳಿದು ಇಳಿದು 30,25,000ಕ್ಕೆ ಬಂದು ಇನ್ನು ಒಂದು ಡಾಲರ್ ಕೂಡ ಬಿಡುವುದಿಲ್ಲ ಎಂದು ನಿಂತರು. ಇಲ್ಲಿ ನೆರವಿಗೆ ಬಂದದ್ದು ತೆರಿಗೆಯ ರಚನೆ. ನ್ಯೂಯಾರ್ಕ್‌ನಲ್ಲಿ ಹತ್ತು ಲಕ್ಷ ಡಾಲರ್ ಮುಟ್ಟಿದ ಮನೆಗೆ ಕೊಳ್ಳುವವರು ಮ್ಯಾನ್ಷನ್ ಟ್ಯಾಕ್ಸ್ ಕಟ್ಟಬೇಕು. ಅದು ಮೊದಲು ಎಲ್ಲ ಬೆಲೆಗೂ ಶೇಕಡಾ 1 ಆಗಿತ್ತು. 2019ರ ಜುಲೈಯಿಂದ ನಗರದೊಳಗೆ 20 ಲಕ್ಷ ಡಾಲರ್ ಮುಟ್ಟಿದರೆ ಶೇಕಡಾ 1.25, 30 ಲಕ್ಷ ಮುಟ್ಟಿದರೆ 1.5, ಹೀಗೆ ಏರುತ್ತಾ 2.5 ಕೋಟಿ ಡಾಲರ್ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಗೆ ಶೇಕಡಾ 3.9 ಆಗುತ್ತದೆ. ಆದಾಯ ತೆರಿಗೆಯಂತೆ ಮಿತಿಯನ್ನು ಮೀರಿದ ಭಾಗಕ್ಕೆ ಮಾತ್ರ ಹೆಚ್ಚಿನ ದರವೆಂದು ಬಹುಮಂದಿ ಭಾವಿಸುತ್ತಾರೆ. ಹಾಗಲ್ಲ, ಮಿತಿ ಮುಟ್ಟಿದೊಡನೆ ಹೊಸ ದರ ಇಡೀ ಬೆಲೆಗೆ ಬೀಳುತ್ತದೆ. ಮಾರುವವರಿಗೂ ಅದೇ 30 ಲಕ್ಷದಲ್ಲಿ ಮೆಟ್ಟಿಲೊಂದಿದೆ: ರಾಜ್ಯದ ವರ್ಗಾವಣೆ ತೆರಿಗೆ ಶೇಕಡಾ 0.4 ಇದ್ದದ್ದು 0.65 ಆಗುತ್ತದೆ. ನಗರದ ವರ್ಗಾವಣೆ ತೆರಿಗೆ ಇದಕ್ಕೆ ಪ್ರತ್ಯೇಕ, ಐದು ಲಕ್ಷ ಡಾಲರ್ ಮೀರಿದ ಇಂಥ ಮನೆಗೆ ಶೇಕಡಾ 1.425.

30,25,000ಕ್ಕೆ ಮಾರಿದರೆ ಎರಡೂ ವರ್ಗಾವಣೆ ತೆರಿಗೆ ಸೇರಿ ಮಾರುವವರು ಸುಮಾರು 62,770 ಡಾಲರ್ ಕಟ್ಟಬೇಕು; 29,95,000ಕ್ಕೆ ಮಾರಿದರೆ ಸುಮಾರು 54,660. ಅಂದರೆ ಬೆಲೆಯಲ್ಲಿ 30,000 ಬಿಟ್ಟುಕೊಟ್ಟರೂ ಅವರ ಕೈಯಿಂದ ಹೋಗುವುದು ಸುಮಾರು 21,900 ಮಾತ್ರ. ಕೊಳ್ಳುವವರಿಗೆ ಬೆಲೆಯ 30,000 ಅಲ್ಲದೆ ತೆರಿಗೆಯಲ್ಲಿಯೂ ಸುಮಾರು 7,940 ಉಳಿಯುತ್ತದೆ. ಈ ಎರಡು ಸಾಲಿನ ಲೆಕ್ಕವನ್ನು ಮಾರುವವರ ವಕೀಲರಿಗೆ ಬರೆದು ಕಳಿಸಿದ ಎರಡನೆಯ ದಿನ 29,95,000ಕ್ಕೆ ಒಪ್ಪಿಗೆ ಬಂತು. ಆನುವಂಶಿಕವಾಗಿ ಬಂದ ಆಸ್ತಿಯ ಮೂಲಬೆಲೆಯನ್ನು ಮರಣದ ದಿನದ ಮಾರುಕಟ್ಟೆ ಬೆಲೆಗೆ ಏರಿಸಿಕೊಳ್ಳಲು ಅಮೆರಿಕದ ಆದಾಯ ತೆರಿಗೆ ಅವಕಾಶ ಕೊಡುವುದರಿಂದ ಅವರಿಗೆ ಲಾಭದ ಮೇಲಿನ ತೆರಿಗೆಯ ಚಿಂತೆ ಹೆಚ್ಚಿರಲಿಲ್ಲ, ಬೇಗ ಹಂಚಿಕೊಳ್ಳುವ ಅವಸರವೂ ಇತ್ತು.

ಕೊಳ್ಳುವವರ ಪಾಲಿಗೆ ಉಳಿದದ್ದು ಮ್ಯಾನ್ಷನ್ ಟ್ಯಾಕ್ಸ್ 37,437 ಡಾಲರ್ 50 ಸೆಂಟ್, ಜೊತೆಗೆ ಅಡಮಾನ ನೋಂದಣಿ ತೆರಿಗೆ. ಐದು ಲಕ್ಷ ಡಾಲರ್ ಮತ್ತು ಹೆಚ್ಚಿನ ಗೃಹಸಾಲಕ್ಕೆ ಸಾಲಗಾರರು ತೆರುವ ಪಾಲು ಶೇಕಡಾ 1.925, ಅಂದರೆ 18 ಲಕ್ಷಕ್ಕೆ ಸುಮಾರು 34,650 ಡಾಲರ್. ಮಾರುವವರ ಮೇಲೆ ಹಳೆಯ ಸಾಲ ಉಳಿದಿದ್ದರೆ ಅದನ್ನು ಹೊಸ ಬ್ಯಾಂಕಿಗೆ ವರ್ಗಾಯಿಸಿಕೊಂಡು ಹೆಚ್ಚುವರಿ ಮೊತ್ತಕ್ಕಷ್ಟೇ ಈ ತೆರಿಗೆ ಕಟ್ಟುವ ಕ್ರಮವಿದೆ; ಸಾಲ ತೀರಿಹೋಗಿದ್ದ ಈ ಮನೆಯಲ್ಲಿ ಆ ಅನುಕೂಲ ಸಿಗಲಿಲ್ಲ.

ಪ್ರತಿವರ್ಷದ ಆಸ್ತಿ ತೆರಿಗೆ ಈ ಪ್ರಕರಣದ ಒಳ್ಳೆಯ ಭಾಗ. ಒಂದರಿಂದ ಮೂರು ಕುಟುಂಬಗಳ ಮನೆ ನಗರದ ಮೊದಲ ವರ್ಗಕ್ಕೆ ಸೇರುತ್ತದೆ, ಅದರ ತೆರಿಗೆ ಮೌಲ್ಯವನ್ನು ವರ್ಷಕ್ಕೆ ಶೇಕಡಾ 6ಕ್ಕಿಂತ, ಐದು ವರ್ಷಕ್ಕೆ ಶೇಕಡಾ 20ಕ್ಕಿಂತ ಹೆಚ್ಚು ಏರಿಸುವಂತಿಲ್ಲ, ಮಾರಾಟವಾದರೂ ಈ ಮಿತಿ ಕಳಚಿ ಬೀಳುವುದಿಲ್ಲ. ಬೆಲೆ ವೇಗವಾಗಿ ಏರಿದ ಶ್ರೀಮಂತ ಬಡಾವಣೆಗಳ ಮನೆಗಳಿಗೆ ಇದರಿಂದ ಬೆಲೆಗೆ ಹೋಲಿಸಿದರೆ ತೆರಿಗೆ ಕಡಿಮೆ ಬೀಳುತ್ತದೆ, ಬೆಲೆ ನಿಧಾನವಾಗಿ ಏರಿದ ಬಡಾವಣೆಗಳವರು ಹೆಚ್ಚಿನ ಪ್ರಮಾಣದಲ್ಲಿ ಕಟ್ಟುತ್ತಾರೆ. ಈ ಅಸಮಾನತೆ ಅನ್ಯಾಯವೆಂದು ನನಗೆ ಅನಿಸುತ್ತದೆ. ಅದನ್ನು ಪ್ರಶ್ನಿಸಿದ ಮೊಕದ್ದಮೆ ಮುಂದುವರಿಯಬಹುದೆಂದು ರಾಜ್ಯದ ಅತ್ಯುನ್ನತ ನ್ಯಾಯಾಲಯ 2024ರ ಮಾರ್ಚ್‌ನಲ್ಲಿ ಹೇಳಿದೆ. ಆದ್ದರಿಂದ ಇಂದಿನ ತೆರಿಗೆಯನ್ನೇ ಮುಂದಿನ ಇಪ್ಪತ್ತು ವರ್ಷಕ್ಕೆ ಹಿಡಿಯಬೇಡಿ ಎಂದು ದಂಪತಿಗೆ ತಿಳಿಸಿದೆ. ದೊಡ್ಡ ಪ್ರಮಾಣದ ನವೀಕರಣದಿಂದ ಕೂಡಿಕೊಳ್ಳುವ ಮೌಲ್ಯಕ್ಕೆ ಆ ಮಿತಿಯ ರಕ್ಷಣೆ ಈಗಲೂ ಇಲ್ಲ.

ಮನೆ ನೋಂದಣಿಯಾಗಿ ಕೀಲಿ ಕೈಗೆ ಬಂದ ಮೇಲೆ ಮೊದಲು ನಡೆದ ಕೆಲಸ ಮೇಲಿನ ಮಹಡಿಯ ಒಲೆಯನ್ನು ಕಳಚಿ, ಪರವಾನಗಿ ಪಡೆದ ಪ್ಲಂಬರ್‌ನಿಂದ ಅನಿಲದ ಕೊಳವೆಯನ್ನು ಮುಚ್ಚಿಸಿದ್ದು. ಮೂರು ಮಹಡಿ ಈಗ ಅವರ ವಾಸಕ್ಕಿದೆ. ಮೇಲಿನ ಅಡುಗೆಮನೆಯಿದ್ದ ಜಾಗದಲ್ಲಿ ಮಕ್ಕಳ ಓದುವ ಕೋಣೆಯಾಗಿದೆ. ಗಾರ್ಡನ್ ಮಹಡಿಗೆ ಒಂದು ಕುಟುಂಬ ಬಂದಿದೆ, ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ತೆಗೆದುಕೊಳ್ಳುವಂತಿಲ್ಲವಾದ್ದರಿಂದ ಅಷ್ಟನ್ನೇ ಪಡೆದಿದ್ದಾರೆ, ಮತ್ತು ಮಾಲೀಕರು ಗೊತ್ತುಮಾಡಿದ ಬ್ರೋಕರ್‌ನ ಕಮಿಷನ್ನನ್ನು ಮಾಲೀಕರೇ ಕೊಡಬೇಕೆಂಬ 2025ರ ಜೂನ್ 11ರ ನಿಯಮದಂತೆ ಅದನ್ನೂ ತಾವೇ ಭರಿಸಿದ್ದಾರೆ. ಕಿಟಕಿಗಳಿಗೆ ಸ್ಮಾರಕ ಆಯೋಗದ ಅನುಮತಿ ಬಂದಿದೆ. ಮೆಟ್ಟಿಲ ಕಲ್ಲಿನ ದುರಸ್ತಿಯನ್ನು ಮಾತ್ರ ಚಳಿ ಕಳೆಯುವವರೆಗೆ ಮುಂದಕ್ಕೆ ಹಾಕಲಾಗಿದೆ, ಹಸಿ ಗಾರೆ ಹೆಪ್ಪುಗಟ್ಟಿದರೆ ಮೊದಲ ವರ್ಷವೇ ಬಿರುಕು ಬಿಡುತ್ತದೆ.